ಆಸ್ಪತ್ರೆ ಖರ್ಚು ಕೇಳುವವರಿಗೆ ರಾಗಿ, ಬಟ್ಟೆಯ ಲೆಕ್ಕವೇಕೆ?

ಪ್ರಶ್ನೆ: ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆ ತಾಲ್ಲೂಕಿನ ಹಳ್ಳಿ. ಆರೋಗ್ಯ ಅರ್ಥಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ಅಧ್ಯಾಪಕಿಯೊಬ್ಬರು ಮನೆಮನೆಗೆ ಬಂದು, ಆಸ್ಪತ್ರೆಯ ವಿಷಯಕ್ಕೆ ಬರುವ ಮೊದಲೇ ರಾಗಿ, ಎಣ್ಣೆ, ಬಟ್ಟೆ, ಮೊಬೈಲ್ ರೀಚಾರ್ಜ್‌ಗೆ ಎಷ್ಟಾಗುತ್ತದೆ ಎಂದು ವಿಚಾರಿಸಿದರು. ಕೊನೆಗೆ, ಕಾಯಿಲೆಯಿದ್ದೂ ಆಸ್ಪತ್ರೆಗೆ ಹೋಗದೆ ಉಳಿದದ್ದುಂಟೇ ಎಂದು ಕೇಳಿದರು. ಆಯುಷ್ಮಾನ್ ಕಾರ್ಡ್ ಇರುವಾಗ ಈ ಲೆಕ್ಕವೆಲ್ಲ ಏಕೆ? ಇದರಿಂದ ಅಸಮಾನತೆ ತಿಳಿಯುವುದು ಹೇಗೆ?
(ಓದುಗರೊಬ್ಬರು, ಗುಡಿಬಂಡೆ ತಾಲ್ಲೂಕು)

ಉತ್ತರ: ಮೊದಲು ರಾಗಿ, ಬಟ್ಟೆಯ ಪ್ರಶ್ನೆಯನ್ನು ನೋಡೋಣ. ಟೊಮೆಟೊ ಮತ್ತು ರೇಷ್ಮೆಗೂಡಿನ ಬೆಲೆಯನ್ನು ನಂಬಿ ಬದುಕುವ ನಮ್ಮ ಸೀಮೆಯಲ್ಲಿ ಒಂದು ಕುಟುಂಬದ ಈ ತಿಂಗಳ ಆದಾಯ ಕೇಳಿದರೆ ಅದರ ನಿಜವಾದ ಸ್ಥಿತಿ ತಿಳಿಯುವುದಿಲ್ಲ. ಬೆಲೆ ಏರಿದ ವಾರ ಕೈತುಂಬ ದುಡ್ಡಿರಬಹುದು, ಬೆಲೆ ಬಿದ್ದ ವರ್ಷ ಹಾಕಿದ ಬಂಡವಾಳವೂ ಬಾರದಿರಬಹುದು. ಮನೆಯ ಊಟ, ಬಟ್ಟೆಯ ಖರ್ಚು ಅಷ್ಟು ಏರಿಳಿಯುವುದಿಲ್ಲವಾದ್ದರಿಂದ, ಯಾವ ಮನೆ ಎಷ್ಟು ಗಟ್ಟಿ ಎಂಬುದನ್ನು ಅಳೆಯಲು ಸಂಶೋಧಕರು ಅದನ್ನೇ ಆಧಾರವಾಗಿಟ್ಟುಕೊಳ್ಳುತ್ತಾರೆ. ಅನಂತರ ಚಿಕಿತ್ಸೆಯ ಖರ್ಚು ಆ ಒಟ್ಟು ಖರ್ಚಿನಲ್ಲಿ ಎಷ್ಟು ಪಾಲು ಎಂದು ಲೆಕ್ಕ ಹಾಕುತ್ತಾರೆ. ವರ್ಷಕ್ಕೆ 4 ಲಕ್ಷ ರೂಪಾಯಿ ವೆಚ್ಚ ಮಾಡುವ ಮನೆಗೆ 20,000 ರೂಪಾಯಿಯ ಆಸ್ಪತ್ರೆ ಬಿಲ್ಲು ಶೇ 5ರಷ್ಟಾದರೆ, 1.2 ಲಕ್ಷದಲ್ಲಿ ವರ್ಷ ನೂಕುವ ಮನೆಗೆ ಅದೇ ಬಿಲ್ಲು ಸುಮಾರು ಶೇ 17ರಷ್ಟಾಗುತ್ತದೆ. ಈ ಪಾಲು ಶೇ 10 ದಾಟಿದರೆ ಅದನ್ನು ಕುಟುಂಬವನ್ನು ಕುಸಿಯುವಂತೆ ಮಾಡುವ ವೆಚ್ಚವೆಂದು ಪರಿಗಣಿಸುವ ರೂಢಿ ಬಹುಕಾಲದಿಂದ ಇದೆ. ಊಟದ ಖರ್ಚು ಕಳೆದು ಉಳಿದ ಹಣದಲ್ಲಿ ಶೇ 40ನ್ನು ಗೆರೆಯಾಗಿ ಇಟ್ಟುಕೊಳ್ಳುವವರೂ ಇದ್ದಾರೆ.

ಮನೆಗಳನ್ನು ಬಡತನದಿಂದ ಸಿರಿತನದ ಕಡೆಗೆ ಸಾಲಾಗಿ ಜೋಡಿಸಿ, ರೋಗವೋ ಚಿಕಿತ್ಸೆಯೋ ಆ ಸಾಲಿನ ಯಾವ ತುದಿಯಲ್ಲಿ ಹೆಚ್ಚು ನೆರೆದಿದೆ ಎಂದು ನೋಡುವ ಕ್ರಮವೂ ಇದೆ. ಅದಕ್ಕೆ ಸಾಂದ್ರತಾ ಸೂಚ್ಯಂಕ ಎನ್ನುತ್ತಾರೆ. ಅದರ ಬೆಲೆ -1ರಿಂದ +1ರವರೆಗೆ ಇರುತ್ತದೆ. ಸೊನ್ನೆಯೆಂದರೆ ಹಂಚಿಕೆ ಯಾವ ಕಡೆಗೂ ವಾಲಿಲ್ಲ, ಋಣ ಸಂಖ್ಯೆಯೆಂದರೆ ಬಡವರ ಕಡೆಗೆ ವಾಲಿದೆ ಎಂದರ್ಥ.

ಆದರೆ ಈ ಎಲ್ಲ ಅಳತೆಗಳಲ್ಲಿ ಒಂದು ದೊಡ್ಡ ಕುರುಡುತನವಿದೆ, ಅಧ್ಯಾಪಕಿ ಕೊನೆಗೆ ಕೇಳಿದ ಪ್ರಶ್ನೆ ಅದಕ್ಕೇ ಸಂಬಂಧಿಸಿದ್ದು. ದುಡ್ಡಿಲ್ಲವೆಂದು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅರ್ಧಕ್ಕೆ ಬಿಟ್ಟ ಅಜ್ಜಿಯ ಮನೆಯಲ್ಲಿ ಚಿಕಿತ್ಸೆಯ ಖರ್ಚು ಸೊನ್ನೆ. ಲೆಕ್ಕದ ಪುಸ್ತಕದಲ್ಲಿ ಆ ಮನೆ ಸುರಕ್ಷಿತ ಮನೆಗಳ ಪಟ್ಟಿಗೆ ಸೇರಿಬಿಡುತ್ತದೆ. ಖರ್ಚು ಮಾಡಿ ಸಾಲಗಾರರಾದವರು ಕಾಣುತ್ತಾರೆ, ಖರ್ಚು ಮಾಡಲಾಗದೆ ನರಳಿದವರು ಕಾಣುವುದಿಲ್ಲ. ಆರೋಗ್ಯ ಅಸಮಾನತೆಯ ಅಧ್ಯಯನದಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಕಾಯಿಲೆಯನ್ನು ಕಾಯಿಲೆಯೆಂದು ಹೇಳಿಕೊಳ್ಳುವುದರಲ್ಲೂ ಇದೇ ತೊಡಕಿದೆ. ಅಮರ್ತ್ಯ ಸೇನ್ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಕಿರು ಲೇಖನದಲ್ಲಿ, ಜನ ಹೆಚ್ಚು ಕಾಲ ಬದುಕುವ ಕೇರಳದಲ್ಲೇ ಅನಾರೋಗ್ಯ ಹೇಳಿಕೊಳ್ಳುವವರು ಹೆಚ್ಚು, ಬಿಹಾರದಲ್ಲಿ ಬಹಳ ಕಡಿಮೆ ಎಂದು ತೋರಿಸಿದ್ದರು. ವಿದ್ಯೆ ಮತ್ತು ವೈದ್ಯರು ಹತ್ತಿರವಿದ್ದಾಗ ನೋವಿಗೆ ರೋಗದ ಹೆಸರು ಸಿಗುತ್ತದೆ, ಇಲ್ಲದ ಕಡೆ ಅದು ದಿನನಿತ್ಯದ ಬದುಕಾಗಿಯೇ ಉಳಿಯುತ್ತದೆ. ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಬಾಗೇಪಲ್ಲಿ, ಪಾವಗಡದ ಕಡೆಯ ಹಳ್ಳಿಗಳಲ್ಲಿ ಹಲ್ಲು ಕಂದಾಗುವುದನ್ನೂ ಮೊಣಕಾಲು, ಬೆನ್ನು ಬಿಗಿಯುವುದನ್ನೂ ನೀರಿನ ಗುಣ, ವಯಸ್ಸಿನ ಗುಣ ಎಂದುಕೊಂಡು ಸುಮ್ಮನಾದವರು ಸಮೀಕ್ಷೆಯಲ್ಲಿ 'ಕಾಯಿಲೆ ಇಲ್ಲ' ಎಂದೇ ಉತ್ತರಿಸಬಹುದು. ಆದ್ದರಿಂದ ಒಳ್ಳೆಯ ಸಂಶೋಧಕರು ಕಾಯಿಲೆ ಇದೆಯೇ ಎಂದಷ್ಟೇ ಕೇಳದೆ, ಮೆಟ್ಟಿಲು ಹತ್ತಲು, ಕೊಡ ಹೊರಲು, ಕೂತು ಏಳಲು ಆಗುತ್ತದೆಯೇ ಎಂದೂ ಕೇಳುತ್ತಾರೆ.

ಇನ್ನು ಕಾರ್ಡಿನ ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆ ಉಚಿತ. ಇಂಥ ಯೋಜನೆಗಳಿಂದ ಪ್ರಯೋಜನವಿಲ್ಲವೆಂದು ನಾನು ಖಂಡಿತ ಹೇಳಲಾರೆ. 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಮೊದಲು ಜಾರಿಯಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು, ಅದು ತಲುಪಿದ ಮತ್ತು ತಲುಪದ ಪ್ರದೇಶಗಳ ಗಡಿಯ ಆಚೀಚಿನ ಹಳ್ಳಿಗಳನ್ನು ಹೋಲಿಸಿ ನೀರಜ್ ಸೂದ್ ಮತ್ತು ಸಂಗಡಿಗರು ಅಧ್ಯಯನ ಮಾಡಿದರು. ಯೋಜನೆಗೆ ಒಳಪಟ್ಟ ರೋಗಗಳಿಂದಾದ ಸಾವು, ಬಡ ಕುಟುಂಬಗಳಲ್ಲಿ, ಯೋಜನೆಯಿದ್ದ ಕಡೆ ಶೇ 0.32, ಇಲ್ಲದ ಕಡೆ ಶೇ 0.90 ಎಂದು 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡುಬಂತು. ಗಡಿಯ ಒಂದು ಪಕ್ಕದಲ್ಲಿ ಇದ್ದುದಕ್ಕೇ ಜೀವ ಉಳಿಯಿತು ಎಂಬುದನ್ನು ಲೆಕ್ಕದಿಂದ ಸಾಧಿಸಿ ತೋರಿಸಿದ ಕೆಲಸವಿದು.

ಹಾಗಿದ್ದೂ ಕಾರ್ಡು ಮುಖ್ಯವಾಗಿ ಒಳರೋಗಿಯಾಗಿ ದಾಖಲಾದಾಗ ನೆರವಾಗುತ್ತದೆ. ತಿಂಗಳು ತಿಂಗಳು ಔಷಧದಂಗಡಿಯಲ್ಲಿ ಕೊಳ್ಳುವ ಬಿಪಿ, ಶುಗರ್ ಮಾತ್ರೆ, ಬೆಂಗಳೂರಿಗೆ ಹೋಗಿಬರುವ ಬಸ್ಸು ಮತ್ತು ಆಟೋ ಚಾರ್ಜು, ಜೊತೆಗೆ ಹೋದವರ ಊಟ, ಇಬ್ಬರ ಕೂಲಿ ನಷ್ಟ ಇವೆಲ್ಲ ಅದರ ಹೊರಗೇ ಉಳಿಯುತ್ತವೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಸ್ವಂತ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ರಲ್ಲಿ ಶೇ 39.4ಕ್ಕೆ ಇಳಿದಿದೆ ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಸಂತೋಷದ ಸಂಗತಿಯೇ ಸರಿ. ಆದರೆ ಅದು ಇಡೀ ದೇಶದ ಮೊತ್ತ, ಅದರಲ್ಲಿ ಗುಡಿಬಂಡೆಯ ಕೂಲಿಯವರ ಮನೆ ಎಲ್ಲಿದೆ ಎಂಬುದು ಕಾಣುವುದಿಲ್ಲ. ಅದನ್ನು ಕಾಣಲು ಯಾರಾದರೂ ಮನೆಬಾಗಿಲಿಗೆ ಬಂದು ಕೇಳಲೇಬೇಕು.

ಮತ್ತೆ ಇಂಥವರು ಬಂದಾಗ, ಉತ್ತರಿಸುವುದೂ ಬಿಡುವುದೂ ನಿಮ್ಮ ಇಷ್ಟವೆಂದು ಅವರು ಮೊದಲೇ ಹೇಳಬೇಕು, ನಿಮ್ಮ ಹೆಸರು ವರದಿಯಲ್ಲಿ ಬರಬಾರದು. ಉತ್ತರಿಸುವುದಾದರೆ ಬಿಲ್ಲಿನ ಮೊತ್ತದ ಜೊತೆಗೆ, ಆ ಹಣಕ್ಕಾಗಿ ಕುರಿ ಮಾರಿದಿರೋ, ಒಡವೆ ಅಡವಿಟ್ಟಿರೋ, ಸಂಘದಲ್ಲಿ ಸಾಲ ಎತ್ತಿದಿರೋ ಹೇಳಿ. ದಾರಿ ಖರ್ಚಿಗಿಲ್ಲದೆ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ. ಅಧ್ಯಯನ ಮುಗಿದ ಮೇಲೆ ಅದರಲ್ಲಿ ಕಂಡದ್ದನ್ನು ನಿಮ್ಮ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ವಿವರಿಸುವಂತೆ ಆ ಅಧ್ಯಾಪಕಿಯನ್ನು ಕೇಳುವ ಹಕ್ಕು ನಿಮಗಿದೆ.