ಖುಲಾಸೆಯಾದ ಕೇಸ್ ಪುಣೆಯವರೆಗೆ ಹೋಗಿದ್ದು ಹೇಗೆ?

ಪ್ರಶ್ನೆ: 2014ರಲ್ಲಿ ಹೊಲದ ಬದುವಿನ ಜಗಳದಲ್ಲಿ ದಾಯಾದಿಗಳು ನನ್ನ ಮೇಲೂ ಕೇಸ್ ಹಾಕಿದ್ದರು. 2018ರಲ್ಲಿ ಖುಲಾಸೆಯಾಯಿತು. ಈಗ ಪುಣೆಯಲ್ಲಿ ಕೆಲಸ. ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದರೆ ಅಲ್ಲಿನ ಪೊಲೀಸರು ‘ನಿಮ್ಮ ಮೇಲೆ ಕೇಸ್ ಇದೆ’ ಅಂದರು. ನಮ್ಮೂರ ಸ್ಟೇಷನ್ ವಿಷಯ ಅಲ್ಲಿಗೆ ಹೇಗೆ ಹೋಯಿತು ಸರ್? ನಾನೀಗ ಏನು ಮಾಡಲಿ?
– ಒಬ್ಬ ಓದುಗ, ಹಾವೇರಿ ಜಿಲ್ಲೆ

ಉತ್ತರ: ಮೊದಲು ಗಾಬರಿ ಬಿಡಿ. ಖುಲಾಸೆಯಾದ ಕೇಸ್ ಪಾಸ್‌ಪೋರ್ಟ್‌ಗೆ ಅಡ್ಡಿಯಲ್ಲ. ಕಾನೂನು ತಡೆಯುವುದು ಕೋರ್ಟಿನಲ್ಲಿ ಇನ್ನೂ ನಡೆಯುತ್ತಿರುವ ಕೇಸಿಗೆ, ಇಲ್ಲವೇ ಕಳೆದ ಐದು ವರ್ಷದಲ್ಲಿ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಜೈಲು ಶಿಕ್ಷೆ ಆಗಿದ್ದರೆ.

ಹಿಂದೆ ಸ್ಟೇಷನ್ ದಾಖಲೆ ಆ ಸ್ಟೇಷನ್ನಿನ ದಪ್ಪ ಪುಸ್ತಕದಲ್ಲೇ ಇರುತ್ತಿತ್ತು. ಪಕ್ಕದ ಜಿಲ್ಲೆಯವರು ಕೇಳಬೇಕಾದರೂ ಪತ್ರ ಬರೆದು ಕಾಯಬೇಕಿತ್ತು. 2008ರ ಮುಂಬೈ ದಾಳಿ ಆದ ಮೇಲೆ, 2009ರಲ್ಲಿ ಕೇಂದ್ರ ಸರ್ಕಾರ 2,000 ಕೋಟಿ ರೂಪಾಯಿಯ ಸಿಸಿಟಿಎನ್‌ಎಸ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ ಸ್ಟೇಷನ್‌ಗಳನ್ನೆಲ್ಲ ಒಂದೇ ಜಾಲಕ್ಕೆ ಸೇರಿಸುವ ಕೆಲಸ ಅದು. ಎಫ್‌ಐಆರ್, ಬಂಧನ, ಚಾರ್ಜ್‌ಶೀಟ್ ಎಲ್ಲ ಅಲ್ಲಿ ಸೇರುತ್ತವೆ. ಪುಣೆಯವರು ನಿಮ್ಮ ಹೆಸರು, ತಂದೆ ಹೆಸರು ಹಾಕಿ ಹುಡುಕಿದರು, ಸಿಕ್ಕಿತು, ಅಷ್ಟೇ.

ಕಳ್ಳನೊಬ್ಬ ಗಡಿ ದಾಟಿ ಇನ್ನೊಂದು ರಾಜ್ಯದಲ್ಲಿ ಹೊಸ ಹೆಸರಿಟ್ಟುಕೊಂಡು ಕೂತರೆ ಹಿಡಿಯೋಕೆ ಇಂಥದ್ದು ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಜಾಲ ತೋರಿಸುವುದು ಯಾರೋ ಕೂತು ತುಂಬಿಸಿದ್ದನ್ನು ಮಾತ್ರ, ಅಲ್ವಾ? ಎಫ್‌ಐಆರ್ ಆದ 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಿ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು (ಸೂಕ್ಷ್ಮ ಕೇಸುಗಳನ್ನು ಬಿಟ್ಟು). ಅದೇ ಆತುರ ಖುಲಾಸೆಯನ್ನು ದಾಖಲಿಸುವುದರಲ್ಲೂ ಇರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಪೊಲೀಸ್, ಕೋರ್ಟ್, ಜೈಲಿನ ಕಂಪ್ಯೂಟರುಗಳನ್ನು ಜೋಡಿಸುವ ಐಸಿಜೆಎಸ್ ಎಂಬ ವ್ಯವಸ್ಥೆ ಬಂದಿದೆ. ಆದರೂ ಹಳೇ ಕೇಸುಗಳ ಕೊನೇ ಸಾಲು ಎಷ್ಟೋ ಕಡೆ ಖಾಲಿ ಬಿದ್ದಿರುತ್ತದೆ. ನಿಮ್ಮದೂ ಹಾಗೇ ಆಗಿರಬೇಕು.

ನನ್ನ ಕಕ್ಷಿದಾರರೊಬ್ಬರು, ಡ್ರೈವರ್, ತೀರ್ಪಿನ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಲೈಸೆನ್ಸ್ ಜೊತೆ ಜೇಬಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ಮಡಿಕೆ ಹತ್ತಿರ ಹರಿದು, ‘ಖುಲಾಸೆ’ ಅನ್ನೋ ಅಕ್ಷರವೇ ಅಳಿಸಿ ಹೋಗಿತ್ತು. ತಪ್ಪಿಲ್ಲ ಅಂತ ಕೋರ್ಟೇ ಹೇಳಿದ ಮನುಷ್ಯ ಹೀಗೆ ಬದುಕಬೇಕಾ? ನನಗೆ ಆವತ್ತು ತುಂಬಾ ಸಂಕಟವಾಯಿತು.

ನೀವು ಹೀಗೆ ಮಾಡಿ. ಕೋರ್ಟಿನಿಂದ ತೀರ್ಪಿನ ಸರ್ಟಿಫೈಡ್ ಕಾಪಿ ಎರಡು ಮೂರು ತೆಗೆಸಿ. ತೀರ್ಪಿನ ಮೇಲೆ ಅಪೀಲು ಏನಾದರೂ ಆಗಿದೆಯಾ ಅಂತ ನಿಮ್ಮ ವಕೀಲರ ಹತ್ತಿರ ಖಚಿತ ಮಾಡಿಕೊಳ್ಳಿ. ಒಂದು ಕಾಪಿ ಪುಣೆ ಪೊಲೀಸರಿಗೆ ಕೊಡಿ. ಇನ್ನೊಂದನ್ನು ಕೇಸ್ ದಾಖಲಾದ ಊರ ಸ್ಟೇಷನ್ನಿಗೆ ಅರ್ಜಿ ಜೊತೆ ಕೊಡಿ, ಎಫ್‌ಐಆರ್ ನಂಬರ್ ಬರೆದು ‘ದಾಖಲೆಯಲ್ಲಿ ಖುಲಾಸೆ ಎಂದು ಸೇರಿಸಿ’ ಅಂತ ಕೇಳಿ. ಸುಮ್ನೆ ಬಾಯಲ್ಲಿ ಹೇಳಿ ಬರಬೇಡಿ, ಸೀಲು ಹಾಕಿದ ಸ್ವೀಕೃತಿ ತಗೊಳ್ಳಿ. ಒಂದು ತಿಂಗಳಾದರೂ ಏನೂ ಆಗದಿದ್ದರೆ ಅದೇ ಸ್ವೀಕೃತಿಯ ಜೆರಾಕ್ಸ್ ಇಟ್ಟು ಎಸ್‌ಪಿ ಆಫೀಸಿಗೆ ಸ್ಪೀಡ್ ಪೋಸ್ಟ್ ಮಾಡಿ.