ಕೊಪ್ಪಳದಲ್ಲಿದ್ದುಕೊಂಡೇ ಲೇಖಕರ, ಓದುಗರ ಒಡನಾಟ ಬೆಳೆಸಿಕೊಳ್ಳುವುದು ಹೇಗೆ?

ಕೊಂಡ ಪುಸ್ತಕಗಳು ಅರ್ಧಕ್ಕೇ ನಿಲ್ಲುತ್ತವೆ, ಮಾತಾಡಲು ಜೊತೆಗಾರರಿಲ್ಲ, ಮೆಚ್ಚಿದ ಲೇಖಕರಿಗೆ ಹೇಗೆ ಬರೆಯಬೇಕೋ ಗೊತ್ತಾಗುವುದಿಲ್ಲ ಎಂದಿದ್ದೀರಿ. ಬೆಂಗಳೂರಿನಲ್ಲಿದ್ದಿದ್ದರೆ ಇದೆಲ್ಲ ಸಲೀಸಾಗಿರುತ್ತಿತ್ತು ಅಂತಲೂ ಬರೆದಿದ್ದೀರಿ. ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಲ್ಲಿ ಪುಸ್ತಕ ಬಿಡುಗಡೆಗಳು ಹೆಚ್ಚು, ಅಷ್ಟೇ. ಪುಸ್ತಕ ಪೂರ್ತಿ ಓದಿ ಬಂದು ಕೂರುವವರು ಎಲ್ಲ ಊರಲ್ಲೂ ಕಡಿಮೆಯೇ. ಅಂಥ ಹತ್ತು ಜನ ನಿಮ್ಮಲ್ಲಿ ಸೇರಿದರೆ ಲೇಖಕರೂ ಬರುತ್ತಾರೆ, ಪ್ರಕಾಶಕರೂ ಫೋನ್ ಎತ್ತುತ್ತಾರೆ.

ಓದು ಅರ್ಧಕ್ಕೆ ನಿಲ್ಲಲು ಬಹುಪಾಲು ಆಯ್ಕೆಯೇ ಕಾರಣ, ಸೋಮಾರಿತನವಲ್ಲ. ಕೊಟ್ಟೂರಿನ ಕುಂ. ವೀರಭದ್ರಪ್ಪನವರನ್ನೇ ತಗೊಳ್ಳಿ, ನಮ್ಮ ಸೀಮೆಯ ಮಾತು ಅವರ ಬರಹದ ಜೀವ. ಆದರೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ದಪ್ಪನೆಯ 'ಅರಮನೆ' ಕಾದಂಬರಿಗೇ ಮೊದಲು ಕೈಹಾಕಿದರೆ ಉಸಿರು ಕಟ್ಟುತ್ತದೆ. ಸಣ್ಣಕತೆಗಳಿಂದ ಹೋಗಿ. ಓದುವಾಗ ಕೈಯಲ್ಲಿ ಪೆನ್ಸಿಲ್ ಇರಲಿ. ಬರೀ ಅಡಿಗೆರೆ ಎಳೆದರೆ ತಿಂಗಳಾದ ಮೇಲೆ ಯಾಕೆ ಎಳೆದೆವೆಂದೇ ನೆನಪಿರುವುದಿಲ್ಲ. ಕೊನೆಯ ಖಾಲಿ ಹಾಳೆಯಲ್ಲಿ ಪುಟದ ಸಂಖ್ಯೆ, ಪಕ್ಕದಲ್ಲಿ ಮೂರ್ನಾಲ್ಕೇ ಪದ ಬರೆಯಿರಿ: "46 – ಅವ್ವ ಯಾಕೆ ಸುಮ್ಮನಾದಳು?" ಓದುಗರ ಕೂಟದಲ್ಲಿ ಮಾತಾಡಲಿಕ್ಕೂ ಲೇಖಕರಿಗೆ ಬರೆಯಲಿಕ್ಕೂ ಇದೇ ಬಂಡವಾಳ.

ಕೂಟಕ್ಕೆ ಎಂಟರಿಂದ ಹನ್ನೆರಡು ಜನ ಸಾಕು. ಐದಾರೇ ಮಂದಿ ಇದ್ದರೆ ಇಬ್ಬರು ತಪ್ಪಿಸಿದ ದಿನ ಮುರಿದುಬೀಳುತ್ತದೆ, ಹದಿನೈದು ದಾಟಿದರೆ ಭಾಷಣ ಶುರುವಾಗುತ್ತದೆ. ತಿಂಗಳಿಗೊಂದು ಭಾನುವಾರ, ಒಂದೂವರೆ ತಾಸು, 200 ಪುಟದೊಳಗಿನ ಪುಸ್ತಕ. ಹೆಸರನ್ನು ಐದು ವಾರ ಮೊದಲೇ ಗೊತ್ತುಮಾಡಿ, ಪುಸ್ತಕ ತರಿಸುವುದಕ್ಕೇ ಒಂದು ವಾರ ಹಿಡಿಯುತ್ತದೆ. ಜಾಗಕ್ಕೆ ಗ್ರಂಥಾಲಯ ನೆನಪಾಗುತ್ತದೆ, ಆದರೆ ಅಲ್ಲಿನ ಓದುವ ಕೋಣೆಯ ತುಂಬ ಪೊಲೀಸ್, ಪಿಡಿಒ ಪರೀಕ್ಷೆಗೆ ಓದುವ ಹುಡುಗರು ಇರುತ್ತಾರೆ. ನೀವು ಬಾಯಿ ಬಿಟ್ಟರೆ ಅವರಿಗೆ ತೊಂದರೆ. ಶಾಲೆಯ ಕೋಣೆ ಕೇಳಿ, ಇಲ್ಲವೇ ಯಾರದಾದರೂ ಮನೆಯ ಪಡಸಾಲೆ.

ಕೂತ ಮೇಲೆ ಮೊದಲ ಸುತ್ತು: ಒಬ್ಬೊಬ್ಬರಿಗೆ ಎರಡು ನಿಮಿಷ, ಪುಸ್ತಕದ ಒಂದು ಪುಟ ತೆರೆದು ಅದರ ಬಗ್ಗೆಯೇ ಹೇಳಬೇಕು. "ಒಟ್ಟಾರೆ ಚೆನ್ನಾಗಿದೆ" ಅನ್ನುವ ಮಾತು ಆಮೇಲೆ ತಾನೇ ನಿಲ್ಲುತ್ತದೆ. ಓದಿ ಮುಗಿಸದವರು ಬರಲಿ, ಆದರೆ ಕೊನೆಗೆ ಮಾತಾಡಲಿ. ವೇದಿಕೆ, ಶಾಲು, ಸ್ವಾಗತ, ವಂದನಾರ್ಪಣೆ ಯಾವುದೂ ಬೇಡ. ನಮ್ಮ ಕಡೆ ಕೂಟಗಳು ಸಾಯುವುದೇ ಇದರಿಂದ: ಗಂಟೆಯೆಲ್ಲ ಗಣ್ಯರಿಗೆ ಹೋಗಿ, ಪುಸ್ತಕಕ್ಕೆ ಹತ್ತು ನಿಮಿಷವೂ ಉಳಿಯುವುದಿಲ್ಲ. ಮುಗಿದ ಮೇಲೆ ಒಗ್ಗರಣೆ-ಮಿರ್ಚಿ, ಚಹಾ ಇರಲಿ. ಮೊದಲೇ ಕೊಟ್ಟರೆ ಎಣ್ಣೆಗೈಯಲ್ಲಿ ಪುಸ್ತಕ ಹಿಡಿಯುತ್ತಾರೆ.

ದಿನ ಆರಿಸುವಾಗ ಊರಿನ ಲೆಕ್ಕ ನೋಡಿ. ಸದಸ್ಯರಲ್ಲಿ ಮೇಷ್ಟ್ರುಗಳೇ ಹೆಚ್ಚಿದ್ದರೆ ಮಾರ್ಚ್, ಏಪ್ರಿಲ್ ಪರೀಕ್ಷೆಯ ಕಾಲ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯವರಿದ್ದರೆ ಭತ್ತದ ನಾಟಿ, ಕೊಯ್ಲಿನಲ್ಲಿ ಬರಲಾರರು. ಗವಿಮಠದ ಜಾತ್ರೆಯ ವಾರ ಕೊಪ್ಪಳದಲ್ಲಿ ಲಾಡ್ಜ್ ಸಿಗುವುದಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಏಳೂವರೆಗೇ ಕೂತುಬಿಡಿ.

ಪುಸ್ತಕ ತರಿಸುವಾಗ ಹತ್ತು ಪ್ರತಿಗಳನ್ನು ನೇರವಾಗಿ ಪ್ರಕಾಶಕರಿಂದ ಒಟ್ಟಿಗೆ ತಗೊಳ್ಳಿ, ರಿಯಾಯಿತಿ ಬಾಯಿಬಿಟ್ಟು ಕೇಳಿ. ಅಂಗಡಿಯವರ ಕಮಿಷನ್ ಉಳಿಯುವುದರಿಂದ ಕೊಡುತ್ತಾರೆ. ಹತ್ತಿರದಲ್ಲೇ ಬಳ್ಳಾರಿಯ ಲೋಹಿಯಾ ಪ್ರಕಾಶನವಿದೆ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಪುಸ್ತಕ ಪ್ರಕಟಿಸುವ ವಿಭಾಗ ಪ್ರಸಾರಾಂಗವಿದೆ. ಅಂಚೆಯಲ್ಲಿ ತರಿಸುವುದಾದರೆ ಪುಸ್ತಕಗಳಿಗೆಂದಿರುವ 'ಜ್ಞಾನ ಪೋಸ್ಟ್' ಎಂದು ಹೆಸರು ಹೇಳಿಯೇ ಕಳಿಸಲು ತಿಳಿಸಿ. 2025ರ ಮೇ 1ರಿಂದ ಇರುವ ಈ ಸೇವೆಯಲ್ಲಿ 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100 ರೂಪಾಯಿ, ಮೇಲೆ ತೆರಿಗೆ. ಡೆಮಿ 1/8 ಆಕಾರದ (ಸಾಮಾನ್ಯ ಕತೆ, ಕಾದಂಬರಿಗಳ ಅಳತೆ) 180 ಪುಟದ ಪುಸ್ತಕ ಸುಮಾರು 210 ಗ್ರಾಂ ತೂಗುತ್ತದೆ, ಹತ್ತು ಪ್ರತಿಯ ಕಟ್ಟು 2 ಕೆಜಿ ಸ್ವಲ್ಪ ದಾಟಿ 65 ರೂಪಾಯಿಯ ದರಕ್ಕೆ ಬರುತ್ತದೆ. ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರಿರಬೇಕು, ನಿಯತಕಾಲಿಕಗಳಿಗೆ ಈ ಸೇವೆ ಸಿಗುವುದಿಲ್ಲ. ರಸ್ತೆ, ರೈಲಿನಲ್ಲಿ ಬರುವುದರಿಂದ ತಡವಾಗುತ್ತದೆ, ಟ್ರ್ಯಾಕಿಂಗ್ ಇದೆ. ಮಳೆಗಾಲದಲ್ಲಿ ಒಳಗೊಂದು ಪ್ಲಾಸ್ಟಿಕ್ ಹಾಳೆ ಸುತ್ತಿಸಿ.

ಲೇಖಕರ ವಿಳಾಸ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಕನ್ನಡ ಪುಸ್ತಕದ ಮೊದಲ ಹಾಳೆಯ ಹಿಂಬದಿ ನೋಡಿ: ಹಕ್ಕು, ಪುಟ, ಬೆಲೆ, ಕಾಗದದ ವಿವರಗಳ ಕೆಳಗೆ ಪ್ರಕಾಶಕರ ಮೊಬೈಲ್ ಇರುತ್ತದೆ. ಲೇಖಕರ ವಿಳಾಸ ಎಷ್ಟೋ ಸಲ ಪರಿಚಯದ ಕೊನೆಗೇ ಅಚ್ಚಾಗಿರುತ್ತದೆ. ಮೊದಲ ಸಲವೇ ಫೋನ್ ಮಾಡಬೇಡಿ. ಐದಾರು ಸಾಲಿನ ಸಂದೇಶ ಸಾಕು: ನಿಮ್ಮ ಹೆಸರು, ಊರು, ಓದಿದ ಪುಸ್ತಕ, ಒಂದು ಪುಟದ ಬಗ್ಗೆ ನಿಮಗನಿಸಿದ್ದು, ಒಂದೇ ಒಂದು ಪ್ರಶ್ನೆ. "ಸರ್, ನಿಮ್ಮ ಬರಹ ಅದ್ಭುತ" ಅಂದರೆ ಅವರಿಗೆ ಕೈಮುಗಿದ ಚಿತ್ರ ಕಳಿಸುವುದರ ಹೊರತು ದಾರಿಯಿರುವುದಿಲ್ಲ. "46ನೇ ಪುಟದಲ್ಲಿ ಅವ್ವ ಯಾಕೆ ಮೇಡಂ ಸುಮ್ಮನಾದಳು?" ಅಂದರೆ ಉತ್ತರ ಬರುತ್ತದೆ. ಬರದಿದ್ದರೆ ಬೆನ್ನುಹತ್ತಬೇಡಿ. ಮೊದಲ ಪರಿಚಯದಲ್ಲೇ ನಿಮ್ಮ ಕವಿತೆಗಳಿಗೆ ಮುನ್ನುಡಿ ಕೇಳುವುದು ಇನ್ನೂ ಕೆಟ್ಟದ್ದು.

ಗೌರವ ಪ್ರತಿ ಕೇಳುವ ಚಾಳಿ ಬಿಡಿ. ಸಾಮಾನ್ಯವಾಗಿ ಲೇಖಕರಿಗೆ ಸಿಗುವ ಗೌರವಧನ (ರಾಯಲ್ಟಿ) ಬೆಲೆಯ ಶೇ. 10, ಅಂದರೆ 200 ರೂಪಾಯಿಯ ಪುಸ್ತಕಕ್ಕೆ 20 ರೂಪಾಯಿ. ಎಷ್ಟೋ ಜನರಿಗೆ ಅದೂ ಹಣದ ಬದಲು ಪ್ರತಿಗಳ ರೂಪದಲ್ಲಿ ಬರುತ್ತದೆ. ನೀವು ಕೇಳುವ ಪುಕ್ಕಟೆ ಪ್ರತಿ ಅವರ ಸಂಬಳವೇ. ಹೊಸ ಪುಸ್ತಕದ ಪಿಡಿಎಫ್ ಹಂಚುವವರನ್ನು ಕೂಟದಿಂದ ಹೊರಗಿಡಿ.

ಲೇಖಕರನ್ನು ಕರೆಯುವುದು ನಾಲ್ಕೈದು ಕೂಟ ನಡೆದ ಮೇಲೆ. ಪ್ರಯಾಣ, ವಸತಿಯ ಖರ್ಚು ನಿಮ್ಮದೆಂದು ಮೊದಲ ಮಾತಿನಲ್ಲೇ ಹೇಳಿ. ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬಳ್ಳಾರಿ, ಹೊಸಪೇಟೆ ಮೇಲೆ ಕೊಪ್ಪಳಕ್ಕೆ ಬೆಳಿಗ್ಗೆ ಬರುತ್ತದೆ. ರಾಯಚೂರಿಗಾದರೆ ಉದ್ಯಾನ್ ಎಕ್ಸ್‌ಪ್ರೆಸ್. ಸ್ನಾನ, ತಿಂಡಿಗೆ ಕೋಣೆ ಬೇಕು, ನೇರ ಸಭೆಗೆ ಕರೆದೊಯ್ಯಬೇಡಿ. ಮೊದಲ ಅರ್ಧ ತಾಸು ಅವರಿಲ್ಲದೆ ಚರ್ಚಿಸಿ. ಲೇಖಕರು ಎದುರಿಗಿದ್ದರೆ ನಮ್ಮವರು ಸಂಕೋಚಕ್ಕೆ ಬಿದ್ದು ಬರೀ ಹೊಗಳುತ್ತಾರೆ. ಆಮೇಲೆ ಬರಲಿ, ಬರೆದಿಟ್ಟ ಪ್ರಶ್ನೆಗಳಿಗೆ ಉತ್ತರಿಸಲಿ.

ವಾಟ್ಸಾಪ್ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಸೆಟ್ ಮಾಡಿ, ಇಲ್ಲದಿದ್ದರೆ ಶುಭೋದಯದ ಗುಲಾಬಿಗಳಲ್ಲಿ ದಿನಾಂಕವೇ ಮುಳುಗಿಹೋಗುತ್ತದೆ. ಪ್ರತಿ ತಿಂಗಳು ಒಂದು ಪ್ರತಿಯನ್ನು ಹತ್ತಿರದ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ ಕೊಡಿ. ಕೊಡುವಾಗ ಮೇಲ್ವಿಚಾರಕರ ಎದುರೇ ರಿಜಿಸ್ಟರ್‌ನಲ್ಲಿ ಬರೆಸಿ, ಸಂಖ್ಯೆ ಹಾಕಿ ಮೊಹರು ಒತ್ತಿಸಿ. ರಿಜಿಸ್ಟರ್‌ಗೆ ಏರದ ಪುಸ್ತಕ ಯಾರ ಮನೆಗೆ ಹೋದರೂ ಕೇಳುವವರಿರುವುದಿಲ್ಲ.