ಸಾಫ್ಟ್‌ವೇರ್ ಪ್ರಾಜೆಕ್ಟ್ ಪ್ಲ್ಯಾನನ್ನು ಸಣ್ಣ ಟಾಸ್ಕ್‌ಗಳಾಗಿ ಒಡೆಯುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಮೂವರು ಸೇರಿ ಕ್ಲಿನಿಕ್ ಒಂದಕ್ಕೆ ಅಪಾಯಿಂಟ್‌ಮೆಂಟ್ ಬುಕ್ ಮಾಡುವ ವೆಬ್‌ಸೈಟ್ ಕಟ್ಟುತ್ತಿದ್ದೀರಿ. ಓಟಿಪಿ ಲಾಗಿನ್, ಸ್ಲಾಟ್ ಬುಕಿಂಗ್, ಯುಪಿಐ ಪಾವತಿ ಬೇಕು. ಪ್ಲ್ಯಾನ್‌ನಲ್ಲಿ ‘ಡೇಟಾಬೇಸ್ 2 ವಾರ, ಬ್ಯಾಕೆಂಡ್ 4 ವಾರ, ಫ್ರಂಟೆಂಡ್ 4 ವಾರ, ಟೆಸ್ಟಿಂಗ್ 2 ವಾರ’ ಎಂದಿದೆ. ಈಗ ಐದನೇ ವಾರ. ಎಲ್ಲರೂ ‘ಬಹುಪಾಲು ಆಗಿದೆ’ ಅನ್ನುತ್ತಾರೆ, ಕ್ಲಿನಿಕ್‌ನವರಿಗೆ ತೋರಿಸಲು ಮಾತ್ರ ಏನೂ ಇಲ್ಲ.

ತೊಂದರೆ ಇರುವುದು ಟಾಸ್ಕ್ ದೊಡ್ಡದು ಎಂಬುದರಲ್ಲಿ ಮಾತ್ರ ಅಲ್ಲ, ನೀವು ಒಡೆದ ರೀತಿಯಲ್ಲಿ. ಸರ್ವರ್‌ನಲ್ಲಿ ಓಡುವ ‘ಬ್ಯಾಕೆಂಡ್’ ಅನ್ನು ಇಪ್ಪತ್ತು ತುಂಡು ಮಾಡಿದರೂ ಬಳಸುವವರಿಗೆ ಕಾಣುವ ಫ್ರಂಟೆಂಡ್ ಬರುವ ತನಕ ಯಾವ ತುಂಡನ್ನೂ ಯಾರೂ ಬಳಸಿ ನೋಡಲಾಗದು. ಹಾಗಾಗಿ ಡೇಟಾಬೇಸ್, ಬ್ಯಾಕೆಂಡ್, ಫ್ರಂಟೆಂಡ್ ಎಂಬ ಪದರದ ಲೆಕ್ಕ ಬಿಟ್ಟು, ರೋಗಿ ಅಥವಾ ರಿಸೆಪ್ಷನ್‌ನವರು ಮಾಡುವ ಕೆಲಸದ ಲೆಕ್ಕದಲ್ಲಿ ಒಡೆಯಿರಿ. ಪ್ರತಿ ತುಂಡಿನಲ್ಲೂ ಸ್ವಲ್ಪ ಡೇಟಾಬೇಸ್ ಟೇಬಲ್, ಸ್ವಲ್ಪ ಎಪಿಐ (ಪರದೆಯ ಕೋರಿಕೆಗೆ ಸರ್ವರ್ ಉತ್ತರಿಸುವ ಕೊಂಡಿ), ಸ್ವಲ್ಪ ಪರದೆ ಇರಲಿ.

ಮೊದಲ ತುಂಡು ನಾಚಿಕೆ ಆಗುವಷ್ಟು ಚಿಕ್ಕದಿರಬೇಕು. ಒಬ್ಬರೇ ಡಾಕ್ಟರ್, ಒಂದೇ ದಿನ, ಕೋಡ್‌ನಲ್ಲೇ ಬರೆದಿಟ್ಟ ನಾಲ್ಕು ಸ್ಲಾಟ್. ಲಾಗಿನ್ ಇಲ್ಲ, ಪಾವತಿ ಇಲ್ಲ. ಹೆಸರು ಬರೆದು ಸ್ಲಾಟ್ ಒತ್ತಿದರೆ ಟೇಬಲ್‌ನಲ್ಲಿ ಒಂದು ಸಾಲು ಸೇರಬೇಕು, ರಿಸೆಪ್ಷನ್ ಪುಟದಲ್ಲಿ ಅದು ಕಾಣಬೇಕು. ಅದನ್ನು ಸರ್ವರ್‌ಗೆ ಹಾಕಿ ಕ್ಲಿನಿಕ್‌ನವರಿಗೆ ಲಿಂಕ್ ಕೊಡಿ. ಡಿಪ್ಲಾಯ್ ಮಾಡುವಾಗ ಬರುವ ತಲೆನೋವುಗಳೆಲ್ಲ ಹನ್ನೆರಡನೇ ವಾರದ ಬದಲು ಇಲ್ಲೇ ಹೊರಬೀಳುತ್ತವೆ.

ಆಮೇಲೆ ಒಂದೊಂದಾಗಿ ಸೇರಿಸುತ್ತಾ ಹೋಗಿ. ಸ್ಲಾಟ್‌ಗಳು ಟೇಬಲ್‌ನಿಂದ ಬರುವುದು ಒಂದು ಟಾಸ್ಕ್. ಇಬ್ಬರು ಒಂದೇ ಕ್ಷಣದಲ್ಲಿ ಅದೇ ಸ್ಲಾಟ್ ಒತ್ತಿದರೆ ಒಬ್ಬರಿಗಷ್ಟೇ ಸಿಗುವಂತೆ ಮಾಡುವುದು ಇನ್ನೊಂದು. ‘ಖಾಲಿ ಇದೆಯಾ’ ಎಂದು ಮೊದಲು ನೋಡಿ ಆಮೇಲೆ ಬರೆಯುವ ಕೋಡ್ ಇಲ್ಲಿ ಸೋಲುತ್ತದೆ, ಏಕೆಂದರೆ ಆ ಎರಡು ಹೆಜ್ಜೆಗಳ ನಡುವೆ ಇನ್ನೊಬ್ಬರು ನುಗ್ಗಬಹುದು. ಡಾಕ್ಟರ್ ಮತ್ತು ಸಮಯ ಸೇರಿಸಿ ಡೇಟಾಬೇಸ್‌ನಲ್ಲೇ ಯೂನಿಕ್ ನಿರ್ಬಂಧ (ಅದೇ ಜೋಡಿ ಎರಡನೇ ಸಲ ಸೇರದಂತೆ ತಡೆ) ಹಾಕಬೇಕು. ರದ್ದು ಮಾಡುವುದು ಮೂರನೆಯದು. ರದ್ದಾದ ಸಾಲನ್ನು ಅಳಿಸದೆ ಉಳಿಸಿಕೊಂಡರೆ ಅದೇ ನಿರ್ಬಂಧ ಮರುಬುಕಿಂಗನ್ನು ತಡೆಯುತ್ತದೆ. ಡೇಟಾಬೇಸ್ ಪೋಸ್ಟ್‌ಗ್ರೆಸ್ ಆದರೆ ರದ್ದಾಗದ ಸಾಲುಗಳಿಗಷ್ಟೇ ಅನ್ವಯಿಸುವ ಪಾರ್ಶಿಯಲ್ ಯೂನಿಕ್ ಇಂಡೆಕ್ಸ್‌ಗೆ ಬದಲಿಸಬೇಕಾಗುತ್ತದೆ. ‘ಬುಕಿಂಗ್ ಮಾಡ್ಯೂಲ್’ ಎಂಬ ಒಂದೇ ಸಾಲಿನಲ್ಲಿ ಇದಾವುದೂ ಕಾಣುತ್ತಿರಲಿಲ್ಲ.

ಓಟಿಪಿ ಲಾಗಿನ್ ಹೀಗೆ ಒಡೆಯಬಹುದು:

– ಎಸ್‌ಎಂಎಸ್ ಕಳಿಸಲು ಬೇಕಾದ ಡಿಎಲ್‌ಟಿ ನೋಂದಣಿ (ಕೋಡ್ ಅಲ್ಲ, ಇವತ್ತೇ ಶುರು ಮಾಡಿ)
– ನಂಬರ್ ಹಾಕಿದರೆ 6 ಅಂಕಿಯ ಓಟಿಪಿ ಹುಟ್ಟಿ, ಡೆವಲಪ್‌ಮೆಂಟ್ ಸರ್ವರ್‌ನ ಲಾಗ್‌ನಲ್ಲಿ ಕಾಣುತ್ತದೆ
– ಸರಿಯಾದ ಓಟಿಪಿ ಕೊಟ್ಟರೆ ಸೆಷನ್ ಶುರು. 5 ನಿಮಿಷ ಕಳೆದರೆ ಅಮಾನ್ಯ
– 5 ಸಲ ತಪ್ಪಿದರೆ ಆ ಓಟಿಪಿ ರದ್ದು. 30 ಸೆಕೆಂಡ್ ಮುಗಿಯದೆ ಮತ್ತೆ ಕಳಿಸುವಂತಿಲ್ಲ
– ಎಸ್‌ಎಂಎಸ್ ಸೇವೆ ಜೋಡಿಸಿ ನಿಜವಾದ ಫೋನ್‌ಗೆ ಕಳಿಸುವುದು

ಭಾರತದಲ್ಲಿ ಇಂಥ ಎಸ್‌ಎಂಎಸ್ ಕಳಿಸಬೇಕಾದರೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮಗಳಡಿ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಪೋರ್ಟಲ್‌ನಲ್ಲಿ ಸಂಸ್ಥೆ, ಹೆಡರ್ (ಕಳಿಸಿದವರ ಜಾಗದಲ್ಲಿ ಕಾಣುವ ಹೆಸರು), ಸಂದೇಶದ ಟೆಂಪ್ಲೇಟ್ ಮೂರೂ ನೋಂದಣಿ ಆಗಿರಬೇಕು. ಒಪ್ಪಿಗೆ ಬೇರೆಯವರ ಕೈಯಲ್ಲಿದೆ, ನೀವು ರಾತ್ರಿಯಿಡೀ ಕೂತರೂ ಬೇಗ ಆಗದು. ಒಪ್ಪಿಗೆ ಪಡೆದ ಟೆಂಪ್ಲೇಟಿಗೂ ನೀವು ಕಳಿಸುವ ವಾಕ್ಯಕ್ಕೂ ವ್ಯತ್ಯಾಸ ಇದ್ದರೆ ಸಂದೇಶ ಫೋನ್‌ಗೆ ತಲುಪದು. ಹಾಗಾಗಿ ಕೊನೆಯ ಟಾಸ್ಕ್‌ನಲ್ಲಿ ಎಪಿಐ ಉತ್ತರ ನೋಡಿ ಬಿಡಬೇಡಿ, ಡೆಲಿವರಿ ವರದಿಯನ್ನೂ ನೋಡಿ. ಪೇಮೆಂಟ್ ಗೇಟ್‌ವೇಯ ಕೆವೈಸಿಯೂ ಇದೇ ಜಾತಿಯದು. ಇಂಥ ಕಾಯುವ ಕೆಲಸಗಳನ್ನು ಪಟ್ಟಿಯ ತಲೆಗೆ ಹಾಕಿ.

ಪಾವತಿಯ ವಿಷಯದಲ್ಲಿ ‘ಜೋಡಣೆ, 3 ದಿನ’ ಎಂದು ಬರೆಯುವವರೇ ಹೆಚ್ಚು. ಹಣ ಸರಿಯಾಗಿ ಬಂದ ದಾರಿಗೆ ಅಷ್ಟು ಸಾಕಾಗಬಹುದು. ಆದರೆ ರೋಗಿ ಹಣ ಕೊಟ್ಟು ಬ್ರೌಸರ್ ಮುಚ್ಚಿದರೆ? ಒಂದೇ ವೆಬ್‌ಹುಕ್ (ಹಣ ಬಂತೆಂದು ಗೇಟ್‌ವೇ ನಿಮ್ಮ ಸರ್ವರ್‌ಗೆ ಕಳಿಸುವ ಸೂಚನೆ) ಎರಡು ಸಲ ಬಂದರೆ? ಸ್ಲಾಟನ್ನು 10 ನಿಮಿಷ ಹಿಡಿದಿಟ್ಟು ಬಿಟ್ಟುಕೊಟ್ಟ ಮೇಲೆ ಹಣ ಬಂದರೆ? ಒಂದೊಂದೂ ಪ್ರತ್ಯೇಕ ಟಾಸ್ಕ್, ಕೊನೆಯದರ ಹಿಂದೆ ರೀಫಂಡ್ ಬರುತ್ತದೆ. ಅಂದಾಜು ತಪ್ಪುವುದು ಬಹುತೇಕ ಈ ‘ಆದರೆ’ಗಳನ್ನು ಬರೆಯದೆ ಬಿಟ್ಟಾಗ.

ಗಾತ್ರ ಎಷ್ಟಿರಬೇಕು? ನನ್ನ ಪ್ರಕಾರ ಅರ್ಧ ದಿನದಿಂದ ಎರಡು ದಿನ. ಅದಕ್ಕಿಂತ ದೊಡ್ಡದಾದರೆ ಯಾರು ಎಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು ವಾರದ ಕೊನೆಗೆ ಗೊತ್ತಾಗುತ್ತದೆ. ಒಂದು ಗಂಟೆಯ ಟಾಸ್ಕ್‌ಗಳಾಗಿ ಪುಡಿ ಮಾಡಿದರೆ ಟಾಸ್ಕ್ ಪಟ್ಟಿಯಲ್ಲಿ ಟಿಕೆಟ್ ಸರಿಸುವುದೇ ಕೆಲಸವಾಗುತ್ತದೆ. ಗಂಟೆಗಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ: ಆ ಟಾಸ್ಕ್ ಮಾಡದ ಇನ್ನೊಬ್ಬರು ಅದು ಮುಗಿದಿದೆಯೇ ಎಂದು ಹೇಗೆ ಪರೀಕ್ಷಿಸುತ್ತಾರೆ ಎಂಬುದನ್ನು ಒಂದೆರಡು ಸಾಲಿನಲ್ಲಿ ಬರೆಯಿರಿ. ‘ಎರಡು ಬ್ರೌಸರ್ ತೆರೆದು ಅದೇ ಸ್ಲಾಟ್ ಒತ್ತಿದರೆ ಒಂದರಲ್ಲಿ ಬುಕ್ ಆಗಬೇಕು, ಇನ್ನೊಂದರಲ್ಲಿ ಬೇರೆ ಸ್ಲಾಟ್ ಆರಿಸಿ ಎಂದು ಬರಬೇಕು’ ಎಂಬಂತೆ. ಬರೆಯಲು ಆಗದಿದ್ದರೆ ಟಾಸ್ಕ್ ಇನ್ನೂ ದೊಡ್ಡದಿದೆ, ಇಲ್ಲವೇ ಏನು ಬೇಕೆಂದು ನಿಮಗೇ ಸ್ಪಷ್ಟವಿಲ್ಲ.

ಎರಡನೆಯದಾದರೆ ಊಹೆಯ ದಿನ ಹಾಕಬೇಡಿ. ‘ಗೇಟ್‌ವೇಯ ಟೆಸ್ಟ್ ಖಾತೆಯಲ್ಲಿ ರೀಫಂಡ್ ಮಾಡಿ ನೋಡುವುದು, 4 ಗಂಟೆ’ ಎಂದು ಹುಡುಕಾಟದ ಟಾಸ್ಕ್ ಮಾಡಿ. ಅದರಿಂದ ಹೊರಬರಬೇಕಾದ್ದು ಕೋಡ್ ಅಲ್ಲ. ಏನು ಮಾಡಬೇಕೆಂಬ ತೀರ್ಮಾನ ಮತ್ತು ಹೊಸ ಟಾಸ್ಕ್‌ಗಳು.

ಹನ್ನೆರಡೂ ವಾರವನ್ನು ಈಗಲೇ ಹೀಗೆ ಒಡೆಯಬೇಡಿ, ಅರ್ಧಕ್ಕರ್ಧ ಬದಲಾಗುತ್ತದೆ. ಮುಂದಿನ ಎರಡು ವಾರದ್ದು ಸಣ್ಣದಾಗಿರಲಿ, ಉಳಿದದ್ದು ಒಂದೊಂದು ಸಾಲು ಸಾಕು. ಎರಡು ವಾರಕ್ಕೆ ಮೂವರಿಂದ ಕಾಗದದ ಮೇಲೆ 30 ದಿನದ ಕೆಲಸ ಸಿಗುತ್ತದೆ. ರಿವ್ಯೂ, ಬಗ್, ಕ್ಲಿನಿಕ್‌ನವರ ಫೋನ್ ಎಲ್ಲಾ ಸೇರಿದಾಗ ನಾನಾದರೆ 20 ದಿನಕ್ಕಿಂತ ಹೆಚ್ಚು ತುಂಬುವುದಿಲ್ಲ. ‘ಟೆಸ್ಟಿಂಗ್ 2 ವಾರ’ ಎಂಬ ಸಾಲನ್ನು ತೆಗೆದು ಆ ಸಮಯವನ್ನು ಪ್ರತಿ ಟಾಸ್ಕ್‌ನ ಒಳಗೇ ಸೇರಿಸಿ.

ಈಗಾಗಲೇ ಬರೆದಿರುವ ಬ್ಯಾಕೆಂಡ್ ಕೋಡನ್ನು ಬಿಸಾಡಬೇಕಿಲ್ಲ. ಮೊದಲ ತುಂಡಿಗೆ ಬೇಕಾದ ಎಪಿಐಗಳನ್ನು ಮಾತ್ರ ಅದರಿಂದ ಆರಿಸಿ, ಈ ವಾರ ಮೂವರೂ ಅವುಗಳಿಗೆ ಪರದೆ ಜೋಡಿಸಿ. ಉಳಿದವನ್ನು ಆಯಾ ತುಂಡು ಬಂದಾಗ ತೆರೆದು ನೋಡಿ; ಅಲ್ಲಿಯವರೆಗೆ ಅವನ್ನು ಮುಗಿದ ಕೆಲಸದ ಲೆಕ್ಕಕ್ಕೆ ಸೇರಿಸಬೇಡಿ.